ಮಾವನವರ ಕಂಪ್ಯೂಟರೂ ಪುಕ್ಕಟೆ ಸಾಫ್ಟ್‌ವೇರೂ

ಬೆಂಗಳೂರಿನವರಿಗೆ ಪುಕ್ಕಟೆ ಅಂದರೆ ಪ್ರಾಣ. ಕಡಲೆಕಾಯಿ ಪರಿಷೆಗೆ ಹೋದರೆ ನಮ್ಮ ಮಾವ ಬುಲ್ ಟೆಂಪಲ್ ರಸ್ತೆಯ ಈ ತುದಿಯಿಂದ ಆ ತುದಿವರೆಗೂ ‘ರುಚಿ ನೋಡ್ತೀನಿ’ ಅಂತಲೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಸೊಪ್ಪಿನವಳ ಹತ್ತಿರ ಕೊಸರು ಹಾಕಿಸಿಕೊಳ್ಳದೆ ಒಂದು ಹೆಜ್ಜೆ ಮುಂದಿಡುವುದಿಲ್ಲ. ಅದೇ ಮನುಷ್ಯ ಕಂಪ್ಯೂಟರಿನ ಮುಂದೆ ಕೂತರೆ ಬೇರೆಯೇ ಆಗಿಬಿಡುತ್ತಾರೆ. ‘ದುಡ್ಡಿಲ್ಲದೆ ಕೊಡ್ತಾರೆ ಅಂದ್ರೆ ಅದರಲ್ಲಿ ಏನೋ ಇದೆ ಬಿಡಿ’ ಅನ್ನುತ್ತಾರೆ.

ಯಾವುದೋ ಅಂಗಡಿಯ ಹುಡುಗ 300 ರೂಪಾಯಿ ತಗೊಂಡು ಕದ್ದ ಆಫೀಸ್ ಸಾಫ್ಟ್‌ವೇರ್ ತುಂಬಿಕೊಟ್ಟರೆ ಮಾತ್ರ ಅದು ಒರಿಜಿನಲ್. ಯಾಕೆಂದರೆ ದುಡ್ಡು ಕೊಟ್ಟಿದ್ದಾರಲ್ಲ! ಸ್ವಲ್ಪ ದಿನಕ್ಕೆ ಪರದೆಯ ಮೇಲೆ ಕೆಂಪು ಪಟ್ಟಿ ಬಂತು, ಲೈಸೆನ್ಸ್ ಇಲ್ಲ ಅಂತ. ಮಾವ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ. ನೀರಿನ ಟ್ಯಾಂಕರಿನ ಲೆಕ್ಕವೆಲ್ಲ ಆ ಪಟ್ಟಿಯ ಹಿಂದೆ ಸಿಕ್ಕಿಕೊಂಡಿತು. ನಾನು ಸದ್ದಿಲ್ಲದೆ ಲಿಬ್ರೆಆಫೀಸ್ ಹಾಕಿಕೊಟ್ಟೆ. 2010ರಲ್ಲಿ ಓಪನ್‌ಆಫೀಸ್ ಅನ್ನುವ ಪುಕ್ಕಟೆ ಆಫೀಸ್ ಸಾಫ್ಟ್‌ವೇರಿನ ಮನೆಯಿಂದ ಪಾಲು ತಗೊಂಡು ಬೇರೆ ಸಂಸಾರ ಹೂಡಿದ ಸಾಫ್ಟ್‌ವೇರ್ ಅದು. ಮಾವನ ಎಕ್ಸೆಲ್ ಫೈಲುಗಳನ್ನೆಲ್ಲ ತಕರಾರಿಲ್ಲದೆ ತೆರೆಯಿತು. ಟ್ಯಾಂಕರ್ ಲೆಕ್ಕದಲ್ಲಿದ್ದ ತಪ್ಪುಗಳೂ ಹಾಗೇ ಉಳಿದವು. ‘ಎಷ್ಟು ಕೊಟ್ರಿ?’ ಅಂದರು. ಒಂದು ರೇಟು ಹೇಳಿಬಿಡಬೇಕಿತ್ತು ಅಂತ ಈಗ ಅನ್ನಿಸುತ್ತದೆ. ‘ಏನೂ ಇಲ್ಲ’ ಅಂದದ್ದೇ ತಡ, ಅನುಮಾನ ಶುರು. ಟೋಟಲ್ ಸರಿ ಇದೆಯಾ ಅಂತ ಕೈಯಲ್ಲಿ ಕೂಡಿ ನೋಡಿದರು.

ಆಮೇಲೆ ನಮ್ಮ ಮದುವೆಯ ಡಿವಿಡಿ ಪ್ರಸಂಗ. ಅತ್ತೆಗೆ ಅದನ್ನು ನೋಡಬೇಕು ಅನ್ನಿಸಿತು. ಹಾಕಿದರೆ ‘ಕೋಡೆಕ್ ಇಲ್ಲ’ ಅನ್ನುತ್ತದೆ ಕಂಪ್ಯೂಟರ್, ಅಂದರೆ ವಿಡಿಯೋವನ್ನು ಬಿಡಿಸಿ ಓದುವ ಸಲಕರಣೆ ಅದರ ಹತ್ತಿರ ಇಲ್ಲ. ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ, ಕೋಡೆಕ್ ಎಲ್ಲ ಅದರೊಳಗೇ ಇರುತ್ತೆ ಅಂತ ಫೋನಿನಲ್ಲಿ ಹೇಳಿದೆ. ಮಾವ ಗೂಗಲ್‌ನಲ್ಲಿ ಹುಡುಕಿ, ಕಂಡ ಪುಟಗಳಲ್ಲೆಲ್ಲ ಅತಿ ದೊಡ್ಡ ಹಸಿರು ಬಟನ್ ಎಲ್ಲಿತ್ತೋ ಅಲ್ಲಿ ಒತ್ತಿದರು. ಈ ಹಸಿರು ಬಟನ್‌ಗಳ ಹಣೆಬರಹ ನಿಮಗೆ ಗೊತ್ತೇ ಇದೆ ಅಲ್ವಾ? ಅಸಲಿ ಡೌನ್‌ಲೋಡ್ ಬಟನ್ ಮೂಲೆಯಲ್ಲಿ ಬಡಪಾಯಿಯಾಗಿ ಕೂತಿರುತ್ತದೆ. ಮಿಂಚುವುದೆಲ್ಲ ಜಾಹೀರಾತು.

ಸಂಜೆ ಹೋಗಿ ನೋಡಿದರೆ ಬ್ರೌಸರಿನ ನೆತ್ತಿಯ ಮೇಲೆ ಟೂಲ್‌ಬಾರ್‌ಗಳ ಅಟ್ಟ. ನಿಮ್ಮ ಕಂಪ್ಯೂಟರಿನಲ್ಲಿ ಸಾವಿರಾರು ದೋಷಗಳಿವೆ, ದುಡ್ಡು ಕಟ್ಟಿದರೆ ಸರಿ ಮಾಡುತ್ತೇವೆ ಅಂತ ಒಂದು ಕಿಟಕಿ. ಮಾವ ಕ್ರೆಡಿಟ್ ಕಾರ್ಡ್ ಹಿಡಿದು ಕೂತಿದ್ದರು! ‘ಇವರು ನೋಡಿ, ಸರಿಯಾಗಿ ದುಡ್ಡು ಕೇಳ್ತಿದಾರೆ’ ಅಂದರು. ಕಾರ್ಡು ಕಿತ್ತುಕೊಂಡು, ಅಟ್ಟ ಕೆಡವಿ, ವಿಎಲ್‌ಸಿ ತಯಾರಿಸುವ ವಿಡಿಯೋಲ್ಯಾನ್‌ನವರ ಸ್ವಂತ ತಾಣದಿಂದ ಅದನ್ನು ಇಳಿಸುವ ಹೊತ್ತಿಗೆ ರಾತ್ರಿ ಊಟದ ಸಮಯ.

ಪರದೆಯ ಮೇಲೆ ವಿಎಲ್‌ಸಿಯ ಗುರುತಾದ ಕಿತ್ತಳೆ ಬಣ್ಣದ ಕೋನ್ ಮೂಡಿದ್ದನ್ನು ನೋಡಿ ಮಾವ, ‘ಇಲ್ಲೂ ರಸ್ತೆ ಅಗೆದ್ರಾ?’ ಅಂದರು. ಬೆಂಗಳೂರಿನವರು ಹಾಗೆ ಕೇಳುವುದು ಸಹಜ. ಕೋನ್ ಕಂಡರೆ ಗಾಡಿ ತಿರುಗಿಸುವುದು ನಮಗೆ ಅಭ್ಯಾಸವಾಗಿದೆ. ಪ್ಯಾರಿಸ್ಸಿನ ಇಂಜಿನಿಯರಿಂಗ್ ಕಾಲೇಜೊಂದರ ಹುಡುಗರು 1996ರಲ್ಲಿ ಶುರು ಮಾಡಿದ ಕೆಲಸ ಇದು, ಹಾಸ್ಟೆಲ್ಲಿಗೆ ರಸ್ತೆಯ ಕೋನ್‌ಗಳನ್ನು ತಂದು ಗುಡ್ಡೆ ಹಾಕಿಕೊಳ್ಳುವ ಚಟವಿತ್ತಂತೆ ಅವರಿಗೆ ಅಂತ ವಿವರಿಸಿದೆ. ‘ಕದ್ದ ಮಾಲು ಅನ್ನಿ ಹಾಗಾದ್ರೆ’ ಅಂದರು. 300 ರೂಪಾಯಿಯ ಆಫೀಸ್ ಅವರಿಗೆ ಆ ಕ್ಷಣ ನೆನಪಾಗಲಿಲ್ಲ. ಡಿಸೆಂಬರಿನಲ್ಲಿ ಆ ಕೋನ್ ತಲೆಗೆ ಸಾಂಟಾ ಟೋಪಿ ಬಂದಾಗ ಬೆಳಿಗ್ಗೆ ಆರಕ್ಕೇ ಫೋನು. ‘ವೈರಸ್ ಬಂದಿದೆ, ಟೋಪಿ ಹಾಕಿದೆ!’ ಕ್ರಿಸ್‌ಮಸ್ ಹೊತ್ತಿಗೆ ಅದು ತಾನಾಗೇ ಟೋಪಿ ಹಾಕಿಕೊಳ್ಳುತ್ತೆ, ಮುಗಿದ ಮೇಲೆ ತೆಗೆಯುತ್ತೆ ಅಂದರೂ ಹೊಸ ವರ್ಷ ಬರುವವರೆಗೆ ಕಂಪ್ಯೂಟರ್ ಆನ್ ಮಾಡಲಿಲ್ಲ.

ಅರ್ಜಿಗೆ ಫೋಟೋ ಹಚ್ಚುವ ಕಥೆ ಎಲ್ಲರ ಮನೆಯದ್ದೂ ಒಂದೇ. 20 ಕೆಬಿಗಿಂತ ಕಡಿಮೆ ಇರಬಾರದು, 50 ಕೆಬಿಗಿಂತ ಜಾಸ್ತಿ ಇರಬಾರದು. ಝೆರಾಕ್ಸ್ ಅಂಗಡಿಯವನು ಮಾವನ ಫೋಟೋವನ್ನು ಎಷ್ಟು ಕುಗ್ಗಿಸಿದ್ದನೆಂದರೆ ಮೀಸೆ ಎಲ್ಲಿ, ತುಟಿ ಎಲ್ಲಿ ತಿಳಿಯುತ್ತಿರಲಿಲ್ಲ. ಇರ್ಫಾನ್‌ವ್ಯೂ ಅನ್ನುವ ಫೋಟೋ ಸಾಫ್ಟ್‌ವೇರಿನಲ್ಲಿ ಜೆಪೆಗ್ (ಫೋಟೋ ಫೈಲು) ಉಳಿಸುವಾಗ ಇಷ್ಟೇ ಕೆಬಿ ಬೇಕು ಅಂತ ಹೇಳಿಬಿಡಬಹುದು. ಮನೆಬಳಕೆಗೆ ದುಡ್ಡಿಲ್ಲ. ಅದರ ಗುರುತು ಒಂದು ಕೆಂಪು ಬೆಕ್ಕು. ರಸ್ತೆಯಲ್ಲಿ ಗಾಡಿ ಹತ್ತಿಸಿದಂತೆ ಚಪ್ಪಟೆಯಾಗಿ ಬಿದ್ದಿದೆ ಪಾಪ. ಅತ್ತೆ ಅದನ್ನು ನೋಡಿ ‘ಥೂ, ಅಪಶಕುನ’ ಅಂದು ಎದ್ದು ಹೋದರು. ಮಾವನ ಮೀಸೆಯಂತೂ ವಾಪಸ್ ಬಂತು.

ಇನ್ನು ವಂಶಾವಳಿ. ಮಾವನ ತಂದೆ ಬರೆದಿಟ್ಟಿದ್ದನ್ನು ಗಾಂಧಿ ಬಜಾರ್ ಹತ್ತಿರದ ಡಿಟಿಪಿಯವರು ಎಷ್ಟೋ ವರ್ಷದ ಹಿಂದೆ ಕನ್ನಡದಲ್ಲಿ ಟೈಪ್ ಮಾಡಿ ಸೀಡಿಗೆ ಹಾಕಿಕೊಟ್ಟಿದ್ದರು. ಈಗ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷಿನ ಪಿ, ಕ್ಯೂ, ತಲೆ ಮೇಲೆ ಗೀಟು ಹೊತ್ತ ಎ, ಸಾಲುಸಾಲಿಗೆ ಪೌಂಡ್ ಚಿಹ್ನೆ. ಅತ್ತೆಯ ಕಣ್ಣು ಅರಳಿತು. ‘ನಿಮ್ಮ ತಾತಂದು ಇಂಗ್ಲೆಂಡಲ್ಲಿ ಏನಾದ್ರೂ ಆಸ್ತಿ ಇತ್ತಾ?’

ಆಸ್ತಿ ಏನೂ ಇರಲಿಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಕಾಲಕ್ಕೆ ಇದ್ದದ್ದು ಅದೇ ದಾರಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚುತ್ತದೆ. ‘ನ’ ಇರುವ ಕಡೆಯೆಲ್ಲ ಪೌಂಡ್. ನರಸಿಂಹಯ್ಯ, ನಂಜಮ್ಮ, ನಾಗಣ್ಣ ಅಂತ ತುಂಬಿಕೊಂಡ ವಂಶದಲ್ಲಿ ಪೌಂಡಿಗೇನು ಬರ! ಹಳೆಯ ಅಕ್ಷರವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗೇ ಸಿಗುತ್ತವೆ. ಹಾಕಿದೆ, ವಂಶ ಮರಳಿ ಬಂತು. ಒಂದೆರಡು ಕಡೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು, ಕೈಯಲ್ಲಿ ತಿದ್ದಿದೆ. ಪೌಂಡ್ ಹೋಗಿದ್ದಕ್ಕೆ ಅತ್ತೆಗೆ ಮಾತ್ರ ಇವತ್ತಿಗೂ ಬೇಸರ.

ಇಷ್ಟೆಲ್ಲ ಆದ ಮೇಲೆ ಮಾವನ ಕಡೆಯ ನೆಂಟರಲ್ಲಿ ನನಗೆ ಕಂಪ್ಯೂಟರ್ ಡಾಕ್ಟರ್ ಅಂತ ಹೆಸರು ಬಿತ್ತು. ನಾನು ಕೆಲಸ ಮಾಡುವುದು ಬ್ಯಾಂಕಿನ ಚಿನ್ನದ ಸಾಲದ ಕೌಂಟರಿನಲ್ಲಿ. ಇರಲಿ. ನಾದಿನಿಯ ಮಗುವಿನ ನಾಮಕರಣ ಬಂತು. ನನ್ನ ಹೆಂಡತಿಯ ಚಿಕ್ಕಪ್ಪ ತಮ್ಮ ಕ್ಯಾಮೆರಾ ಕೊಟ್ಟಿದ್ದರು. ಫೋಟೋ ತೆಗೆದಿದ್ದೆಲ್ಲ ಮುಗಿದು, ಎಲ್ಲರೂ ಹೋಳಿಗೆ ಎಲೆಯ ಮುಂದೆ ಕೂತಿದ್ದಾಗ ಒಬ್ಬ ಹುಡುಗ ಕ್ಯಾಮೆರಾ ಒತ್ತಿ ಒತ್ತಿ ಕಾರ್ಡನ್ನು ಫಾರ್ಮ್ಯಾಟ್ ಮಾಡಿಬಿಟ್ಟ. ನಾದಿನಿ ಅಳು, ಹುಡುಗನಿಗೆ ಒದೆ, ಡಾಕ್ಟರಿಗೆ ಕರೆ.

ಇದಕ್ಕೆ ಫೋಟೋರೆಕ್ ಅಂತ ಒಂದಿದೆ. ಇದೂ ಫ್ರಾನ್ಸಿನವರೇ ಬರೆದದ್ದು, ಕ್ರಿಸ್ಟೋಫ್ ಗ್ರೆನಿಯೆ ಅನ್ನುವವರು. ಆ ದೇಶಕ್ಕೂ ನಮ್ಮ ಮಾವನ ಮನೆಗೂ ಏನೋ ಋಣ. ನೋಡಲು ಚೆನ್ನಾಗಿಲ್ಲ, ಕಪ್ಪು ಕಿಟಕಿ, ಬಿಳಿ ಅಕ್ಷರ ಅಷ್ಟೆ. ಫಾರ್ಮ್ಯಾಟ್ ಆದರೂ ಕಾರ್ಡಿನಲ್ಲಿ ಸಾಮಾನ್ಯವಾಗಿ ಹೋಗುವುದು ಯಾವ ಫೋಟೋ ಎಲ್ಲಿದೆ ಅನ್ನುವ ಪಟ್ಟಿ ಮಾತ್ರ. ಫೋಟೋ ಅಲ್ಲೇ ಬಿದ್ದಿರುತ್ತದೆ, ಅದರ ಮೇಲೆ ಬೇರೆ ಏನಾದರೂ ಬರೆಯುವ ತನಕ. ಫೋಟೋರೆಕ್ ಪಟ್ಟಿಯ ಗೊಡವೆಗೇ ಹೋಗುವುದಿಲ್ಲ. ಪ್ರತಿ ಜೆಪೆಗ್ ಫೈಲಿನ ಶುರುವಿನಲ್ಲಿರುವ ಗುರುತನ್ನು ಹುಡುಕುತ್ತಾ ಕಾರ್ಡನ್ನು ಈ ಕೊನೆಯಿಂದ ಆ ಕೊನೆಗೆ ಗುಡಿಸುತ್ತದೆ. ಸಿಕ್ಕಿದ್ದನ್ನೆಲ್ಲ ಬೇರೆ ಡಿಸ್ಕಿಗೆ ಹಾಕಬೇಕು, ಅದೇ ಕಾರ್ಡಿಗೆ ಹಾಕಬಾರದು. ಇಷ್ಟು ನೆನಪಿಟ್ಟರೆ ಸಾಕು. ಹೆಸರು ಮಾತ್ರ ಉಳಿಯುವುದಿಲ್ಲ. ಎಲ್ಲ ಫೈಲಿಗೂ ‘ಎಫ್’ ಮುಂದೆ ಉದ್ದನೆಯ ಸಂಖ್ಯೆ.

ಕಪ್ಪು ಕಿಟಕಿಯಲ್ಲಿ ಲೆಕ್ಕ ಏರತೊಡಗಿತು. ಎಲ್ಲರಿಗೂ ಖುಷಿ. ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿ, ಚಪ್ಪಟೆ ಬೆಕ್ಕಿನಲ್ಲಿ ಸ್ಲೈಡ್‌ಶೋ ಶುರು ಮಾಡಿದೆ. ತೊಟ್ಟಿಲು ಬಂತು. ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಿರುವ ಸೋದರತ್ತೆ ಬಂದರು. ಹೋಳಿಗೆ ಬಂತು. ಆಮೇಲೆ ಸಮುದ್ರ ಬಂತು.

ಸಮುದ್ರದ ಮುಂದೆ ಚಿಕ್ಕಪ್ಪ. ಹೂವಿನ ಚಿತ್ರದ ಅರ್ಧ ಚಡ್ಡಿ, ಕಪ್ಪು ಕನ್ನಡಕ, ಕೈಯಲ್ಲಿ ಹಸಿರು ಬಾಟಲಿ. ಹಿಂದೆ ಗೋವಾದ ಹೆಸರು ಬರೆದ ಗೂಡಂಗಡಿ. ಮೂಲೆಯಲ್ಲಿ ಕಿತ್ತಳೆ ಅಂಕಿಗಳಲ್ಲಿ ತಾರೀಕು. ಚಿಕ್ಕಪ್ಪ ಆಫೀಸಿನವರ ಜೊತೆ ಧರ್ಮಸ್ಥಳಕ್ಕೆ ಹೋಗಿ, ಮುಡಿ ಕೊಡದೆ ವಾಪಸ್ ಬಂದ ಅದೇ ವಾರದ ತಾರೀಕು.

ಹಾಲ್‌ನಲ್ಲಿ ಫ್ಯಾನಿನ ಸದ್ದು. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು, ತುಂಬಾ ಮೆತ್ತಗೆ, ‘ಧರ್ಮಸ್ಥಳಕ್ಕೆ ಸಮುದ್ರ ಯಾವಾಗ ಬಂತೂರೀ?’ ಅಂದರು.

‘ನೇತ್ರಾವತಿ ಕಣೇ ಅದು’ ಅಂದರು ಚಿಕ್ಕಪ್ಪ. ‘ಆ ಸಲ ಮಳೆ ಜಾಸ್ತಿ ಇತ್ತು.’

ಸ್ಲೈಡ್‌ಶೋಗೆ ದಯೆ ದಾಕ್ಷಿಣ್ಯ ಇಲ್ಲ. ಮುಂದಿನ ಫೋಟೋದಲ್ಲಿ ನೇತ್ರಾವತಿಯ ಮೇಲೆ ಒಬ್ಬ ಪ್ಯಾರಾಚೂಟಿನಲ್ಲಿ ತೇಲುತ್ತಿದ್ದ.

ರಾತ್ರಿ ಪಾರ್ಕಿಂಗಿನಲ್ಲಿ ಚಿಕ್ಕಪ್ಪ ನನ್ನ ತೋಳು ಹಿಡಿದು ಕಂಬದ ಹಿಂದಕ್ಕೆ ಎಳೆದುಕೊಂಡರು. ‘ಅಳಿಸಿದ್ದು ಮತ್ತೆ ಬರಲೇಬಾರದು, ಅಂಥ ಸಾಫ್ಟ್‌ವೇರ್ ಇದೆಯೇನಪ್ಪಾ? ಎಷ್ಟಾದ್ರೂ ಪರವಾಗಿಲ್ಲ.’ ಸಾಫ್ಟ್‌ವೇರೇ ಬೇಡ, ವಿಂಡೋಸಿನಲ್ಲಿ ಕಾರ್ಡ್ ಫಾರ್ಮ್ಯಾಟ್ ಮಾಡುವಾಗ ‘ಕ್ವಿಕ್’ ಅಂತ ಇರುವ ಕಡೆ ಟಿಕ್ ತೆಗೆದುಬಿಡಿ, ಕಾರ್ಡಿನ ಉದ್ದಕ್ಕೂ ಸೊನ್ನೆ ಬರೆದುಕೊಂಡು ಹೋಗುತ್ತೆ, ನಿಧಾನ ಆಗುತ್ತೆ ಅಷ್ಟೆ ಅಂದೆ. ಚಿಕ್ಕಪ್ಪನ ಮುಖ ಇಳಿಯಿತು. ‘ಬರೀ ಟಿಕ್ಕಾ? ದುಡ್ಡು ಕೊಟ್ಟು ತಗೊಳೋದು ಯಾವುದಾದ್ರೂ ಇದ್ರೆ ಹೇಳಪ್ಪ. ಇದು ಸಂಸಾರದ ವಿಷಯ’ ಅಂದರು.