ಡಿನ್ನರ್ ಮುಂದೂಡಲಾಗಿದೆ

ಡಿಸೆಂಬರ್‌ನಲ್ಲಿ ಬೆಳಗಾವಿಗೆ ಅಧಿವೇಶನ ಬರುತ್ತದೆ ಅಂತ ಪತ್ರಿಕೆಯವರು ಬರೆಯುತ್ತಾರೆ. ಬರುವುದು ಡಿನ್ನರ್. ಅಧಿವೇಶನ ಸುಮ್ನೆ ಅದರ ಜೊತೆ ಬರುತ್ತದೆ, ದಿಬ್ಬಣದ ಜೊತೆ ಬ್ಯಾಂಡಿನವರು ಬಂದ ಹಾಗೆ.

ಹಗಲು ಸುವರ್ಣ ವಿಧಾನಸೌಧದಲ್ಲಿ ಏನು ಚರ್ಚೆ ಆಯಿತು ಅಂತ ಊರಲ್ಲಿ ಕೇಳಿ ನೋಡಿ. ಹತ್ತು ಜನರಲ್ಲಿ ಒಬ್ಬರು ಹೇಳಿದರೆ ಹೆಚ್ಚು. ರಾತ್ರಿ ಯಾರ ಮನೆಯಲ್ಲಿ ಡಿನ್ನರ್ ಇತ್ತು, ಎಷ್ಟು ಶಾಸಕರು ಹೋದರು, ಯಾರಿಗೆ ಕರೆ ಇರಲಿಲ್ಲ, ಕರೆದರೂ ಯಾರು ಹೋಗಲಿಲ್ಲ ಅಂತ ಕೇಳಿ. ಪಾನ್ ಅಂಗಡಿಯವನೂ ಸುಣ್ಣ ಹಚ್ಚುತ್ತಾ ಹೇಳುತ್ತಾನೆ. ಟಿವಿಯಲ್ಲಿ ಕೆಂಪು ಪಟ್ಟಿ ಓಡುತ್ತಲೇ ಇರುತ್ತದೆ: ‘ಕುತೂಹಲ ಕೆರಳಿಸಿದ ಡಿನ್ನರ್’. ಆರು ಕೋಟಿಗೂ ಜಾಸ್ತಿ ಜನ ಪ್ರತಿ ರಾತ್ರಿ ಉಣ್ಣುವ ರಾಜ್ಯ ಇದು. ಅದರಲ್ಲಿ ಒಂದಿಷ್ಟು ಮಂದಿ ಉಂಡರೆ ಮಾತ್ರ ಕುತೂಹಲ ಕೆರಳುತ್ತದೆ. ಉಳಿದವರು ಉಂಡರೆ ಬಹಳ ಅಂದ್ರೆ ಹೊಟ್ಟೆಯಲ್ಲಿ ಪಿತ್ತ ಕೆರಳಬಹುದು.

ನಮ್ಮ ಓಣಿಯಲ್ಲೂ ಈ ವಿಚಾರಣೆ ದಿನಾ ನಡೆಯುತ್ತದೆ. ಎದುರಾದವರು "ಊಟ ಆತೇನ್ರಿ?" ಅಂತಾರೆ. "ಆತ್ರಿ, ನಿಮ್ದು?" ಅಂತೀವಿ. ಅಲ್ಲಿಗೆ ಮುಗಿಯಿತು. ಯಾರ ಜೊತೆ ಉಂಡಿರಿ, ಅದರ ಹಿಂದಿನ ಲೆಕ್ಕಾಚಾರ ಏನು, ಸಂಪುಟ ಪುನಾರಚನೆಗೂ ಬದನೆಕಾಯಿ ಎಣ್ಣೆಗಾಯಿಗೂ ಏನು ಸಂಬಂಧ ಅಂತ ಯಾರೂ ಅರ್ಧ ಗಂಟೆ ವಿಶ್ಲೇಷಣೆ ಮಾಡುವುದಿಲ್ಲ. ಹಾಗಾಗಿ ನಮ್ಮದು ಊಟವಾಗಿಯೇ ಉಳಿದಿದೆ. ಡಿನ್ನರ್ ಆಗಲಿಲ್ಲ.

ಇಷ್ಟಕ್ಕೂ ಡಿನ್ನರ್ ಅಂದ್ರೆ ಉಣ್ಣಲೇಬೇಕು ಅಂತೇನೂ ಇಲ್ಲ. ಉಣ್ಣದೆಯೂ ಡಿನ್ನರ್ ಮಾಡಬಹುದು. 2025ರ ಜನವರಿ ನೆನಪಿರಬೇಕು. ವರ್ಷ ಶುರುವಾಗಿ ಎರಡನೇ ದಿನಕ್ಕೇ ನಮ್ಮ ಜಿಲ್ಲೆಯ ಸತೀಶ ಜಾರಕಿಹೊಳಿ ಅವರ ಮನೆಯಲ್ಲಿ ಡಿನ್ನರ್ ಆಯಿತು. ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಬಂದರು. ಬೆನ್ನಿಗೇ ಗೃಹ ಸಚಿವ ಪರಮೇಶ್ವರ ಅವರು 8ನೇ ತಾರೀಖಿಗೆ ಇನ್ನೊಂದು ಡಿನ್ನರ್ ಕರೆದರು. ದಿಲ್ಲಿಯಿಂದ ಕಾಂಗ್ರೆಸ್ ಹೈಕಮಾಂಡ್ ಹೇಳಿತು, ಈಗ ಬೇಡ. ಡಿನ್ನರ್ ಮುಂದೂಡಲಾಯಿತು.

ಮುಂದೂಡಲಾಯಿತು! ನಮ್ಮ ಮನೆಗಳಲ್ಲಿ ರಾತ್ರಿ ಊಟ ಮುಂದೆ ಹೋಗುವುದು ಸಿಲಿಂಡರ್ ಖಾಲಿಯಾದಾಗ. ಇಲ್ಲವೇ ಅತ್ತೆಯವರು ನೋಡುವ ಧಾರಾವಾಹಿಯಲ್ಲಿ ಯಾರಾದರೂ ಜೈಲಿಗೆ ಹೋಗುವಾಗ. ಒಂದು ಮನೆಯ ಊಟಕ್ಕೆ ದಿಲ್ಲಿಯಿಂದ ತಡೆ ಬರಬಹುದು ಅಂತ ನನಗಂತೂ ಹೊಳೆದೇ ಇರಲಿಲ್ಲ. ಬಹಳ ಒಳ್ಳೆಯ ಏರ್ಪಾಡು. ಹೇಳದೇ ಕೇಳದೇ ಬಂದು ಇಳಿಯುವ ನೆಂಟರಿಗೂ ಇದನ್ನು ವಿಸ್ತರಿಸಬೇಕು. "ಬರ್ರಿ ಮಾವಾರ, ಕೂಡ್ರಿ. ರೊಟ್ಟಿ ತಯಾರದಾವು. ಆದ್ರ ದಿಲ್ಲಿಯಿಂದ ಇನ್ನೂ ಒಪ್ಪಿಗಿ ಬಂದಿಲ್ಲ ನೋಡ್ರಿ."

ಅದೇ ವರ್ಷದ ಕೊನೆಗೆ ರಾತ್ರಿ ಊಟದಿಂದ ಆಗದ ಕೆಲಸಕ್ಕೆ ನಾಷ್ಟಾ ಹಿಡಿದರು. ನವೆಂಬರ್ 29ಕ್ಕೆ ಮುಖ್ಯಮಂತ್ರಿಗಳ ಮನೆಯಲ್ಲಿ, ಡಿಸೆಂಬರ್ 2ಕ್ಕೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಮನೆಯಲ್ಲಿ. ಎರಡನೇ ದಿನ ಇಡ್ಲಿಯ ಜೊತೆ ನಾಟಿ ಕೋಳಿ ಸಾರು. ಮುಂಜಾನೆ ಕೋಳಿ ಸಾರು ಉಂಡವರು ರಾತ್ರಿ ಎಷ್ಟು ಗಂಟೆಗೆ ಹಸಿದರು ಅಂತ ಒಂದು ಚಾನೆಲ್ಲಾದರೂ ಕೇಳಬೇಕಿತ್ತು. ಕೇಳಲಿಲ್ಲ. ಪತ್ರಿಕಾ ಧರ್ಮ ಕುಸಿದಿದೆ ಅಂತ ಜನ ಸುಮ್ನೆ ಹೇಳುವುದಿಲ್ಲ.

ಊಟದ ಮಾತು ಬಂತು ಅಂತ ಹೇಳುತ್ತೇನೆ. ಸುವರ್ಣ ಸೌಧಕ್ಕೆ ನಿಜವಾಗಿ ಊಟದ ಕಳೆ ಬಂದದ್ದು 2022ರಲ್ಲಿ, ಒಂದೇ ಸಲ. ಅಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳೊಬ್ಬಳು ಸೌಧದ ಎದುರು ಶಾವಿಗೆ, ಹಪ್ಪಳ ಒಣಗಿಸಿದ್ದಳು. ಒಳ್ಳೆಯ ಬಿಸಿಲು, ದೊಡ್ಡ ಜಾಗ, ವರ್ಷದಲ್ಲಿ ಬಹುಪಾಲು ದಿನ ಖಾಲಿ. 2012ರಲ್ಲಿ ರಾಷ್ಟ್ರಪತಿಗಳು ಬಂದು ಉದ್ಘಾಟಿಸಿದ ಕಟ್ಟಡ ಅಷ್ಟರ ಮಟ್ಟಿಗೆ ಒಂದು ಸಂಸಾರದ ಉಪಯೋಗಕ್ಕೆ ಬಿತ್ತು. ಫೋಟೋ ಎಲ್ಲರ ಮೊಬೈಲಿಗೆ ಹೋಯಿತು. ಸೌಧದ ಮರ್ಯಾದೆ ಹೋಯಿತು ಅಂದರು, ಆಕೆಯ ಕೆಲಸಕ್ಕೇ ಕುತ್ತು ಬಂತು. ಆಕೆ ಮಾಡಿದ ತಪ್ಪು ಇಷ್ಟೇ. ಶಾವಿಗೆಯನ್ನು ಶಾವಿಗೆ ಅಂದಳು. ‘ಭೋಜನಪೂರ್ವ ಸಮಾಲೋಚನೆ’ ಅಂದಿದ್ದರೆ ಪೊಲೀಸರೇ ಕಾವಲು ನಿಲ್ಲುತ್ತಿದ್ದರು.

ಪೊಲೀಸರು ಪಾಪ. ಅಧಿವೇಶನಕ್ಕೆ ಬೇರೆ ಬೇರೆ ಜಿಲ್ಲೆಗಳಿಂದ ಸಾವಿರಾರು ಜನ ಬರುತ್ತಾರೆ. ಡಿನ್ನರ್ ನಡೆಯುವ ಬಂಗಲೆಯ ಗೇಟಿನಾಚೆ ಡಿಸೆಂಬರ್ ಚಳಿಯಲ್ಲಿ ನಿಂತಿರುತ್ತಾರೆ. ಪಕ್ಕದಲ್ಲಿ ಟಿವಿ ವರದಿಗಾರ. ‘ಒಳಗೆ ಮಟನ್ ಇದೆ, ಮೀನು ಇದೆ, ಸಸ್ಯಾಹಾರಿಗಳಿಗೆ ಬೇರೆ ವ್ಯವಸ್ಥೆ ಇದೆ’ ಅಂತ ರಾತ್ರಿ ಹನ್ನೊಂದಕ್ಕೆ ಹೇಳುತ್ತಿರುತ್ತಾನೆ. ಹೇಳುವವನು ಮಧ್ಯಾಹ್ನ ಎರಡು ವಡಾ ಪಾವ್ ತಿಂದಿದ್ದೇ ಕೊನೆ. ಅವನ ದನಿಯಲ್ಲಿ ಆ ಮಟನ್ ಬಗ್ಗೆ ಇರುವ ಕಳಕಳಿ ನಾಟಕ ಅಲ್ಲ.

ಇವರು ಹನ್ನೊಂದಕ್ಕೆ ಉಣ್ಣುವುದನ್ನು ನೋಡಿ ಚಾನೆಲ್ ಬದಲಿಸಿದರೆ, ಇಲ್ಲವೇ ಮೊಬೈಲ್ ತೆಗೆದರೆ, ಇನ್ನೊಂದು ಕಾಟ. ಬಿಳಿ ಕೋಟಿನವರು. ‘ರಾತ್ರಿ ಊಟ 7 ಗಂಟೆಯೊಳಗೆ ಮುಗಿಸಿ, ಇಲ್ಲದಿದ್ದರೆ ಶುಗರ್, ಬಿಪಿ, ಬೊಜ್ಜು.’ ವೈದ್ಯರ ಮಾತು ತಪ್ಪು ಅನ್ನುವಷ್ಟು ಧೈರ್ಯ ನನಗಿಲ್ಲ. ಆದರೆ ಅವರು ಸಂಜೆ ಆರಕ್ಕೆ ಬಾಗಲಕೋಟೆಗೋ ವಿಜಯಪುರಕ್ಕೋ ಬಂದು ಒಂದು ಸುತ್ತು ಹಾಕಲಿ. ಮೂಲೆ ಮೂಲೆಗೆ ಬಂಡಿ. ಮಿರ್ಚಿ ಎಣ್ಣೆಯಲ್ಲಿ ಏಳುತ್ತಿರುತ್ತದೆ, ಪಕ್ಕದಲ್ಲಿ ಗಿರ್ಮಿಟ್ ಕಲಸುತ್ತಿರುತ್ತಾರೆ. ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ, ಮೇಲೆ ಅರ್ಧ ಕಪ್ ಚಹಾ ಹೊಟ್ಟೆಗಿಳಿದ ಮನುಷ್ಯ ಏಳು ಗಂಟೆಗೆ ರೊಟ್ಟಿ ಮುರಿಯುತ್ತಾನಾ? ಒಂಬತ್ತರವರೆಗೆ ಅವನಿಗೆ ರೊಟ್ಟಿಯ ನೆನಪೇ ಬರುವುದಿಲ್ಲ. ನಮ್ಮ ಖಾನಾವಳಿಯವರನ್ನು ಕೇಳಿದೆ, "ಕಾಕಾ, ಏಳಕ್ಕ ಊಟಾ ಸಿಗತೈತೇನ್ರಿ?" ಅಂತ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏಳಕ್ಕ ನಾವು ಇನ್ನಾ ಒಲಿ ಹಚ್ಚತಿರ್ತೀವ್ರಿ. ಆರಾಮ ಅದೀರಿಲ್ಲೋ?"

ತಡವಾಗಿ ಉಣ್ಣುವವರಿಗೆ ನಾನೊಂದು ವಾದ ಹುಡುಕಿಟ್ಟಿದ್ದೇನೆ, ಬೇಕಾದವರು ಬಳಸಬಹುದು. ಇಡೀ ದೇಶದ ಗಡಿಯಾರ ನಡೆಯುವುದು ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖೆಯ ಮೇಲೆ. ಬೆಳಗಾವಿ ಇರುವುದು 74.5ರ ಆಸುಪಾಸು. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕ ಹಿಡಿದರೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 32 ನಿಮಿಷ ಹಿಂದೆ. ಅಂದ್ರೆ ಎಂಟಕ್ಕೆ ಉಂಡವರು ಸೂರ್ಯನ ಪ್ರಕಾರ ಏಳೂವರೆಗೇ ಉಂಡಿರುತ್ತಾರೆ. ಸ್ಪೇನ್ ದೇಶದವರು ರಾತ್ರಿ ಒಂಬತ್ತು, ಹತ್ತಕ್ಕೆ ಉಣ್ಣುವುದಕ್ಕೂ ಇಂಥದ್ದೇ ಒಂದು ಕಾರಣ ಹೇಳುತ್ತಾರೆ. 1940ರಲ್ಲಿ ಅವರ ಸರ್ವಾಧಿಕಾರಿ ಫ್ರಾಂಕೊ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಜರ್ಮನಿಗೆ ಸರಿಹೊಂದಿಸಿದ. ಅದು ಇವತ್ತಿಗೂ ಹಿಂದೆ ಬಂದಿಲ್ಲ. ಈ ವಾದವನ್ನು ಮನೆಯಲ್ಲಿ ಮಂಡಿಸಿದೆ. "ಸೂರ್ಯಾಗ ಹೇಳ್ರಿ ಭಾಂಡೆ ತಿಕ್ಕಾಕ" ಅಂತ ಉತ್ತರ ಬಂತು. ವಾದ ಅಲ್ಲಿಗೇ ನಿಂತಿದೆ.

ಹಾಗಂತ ಹೊತ್ತಿಗೆ ಮುಂಚೆ ಉಣ್ಣುವವರು ನಮ್ಮಲ್ಲಿ ಇಲ್ಲ ಅಂತಲ್ಲ. ಚಿಕ್ಕೋಡಿ, ನಿಪ್ಪಾಣಿ ಕಡೆಯ ಜೈನ ಮನೆಗಳಲ್ಲಿ ಹೊತ್ತು ಮುಳುಗುವುದರೊಳಗೆ ಉಣ್ಣುವ ಹಿರಿಯರು ಈಗಲೂ ಇದ್ದಾರೆ. ಕತ್ತಲಲ್ಲಿ ಉಂಡರೆ ಹುಳಹುಪ್ಪಟೆಗೆ ಹಿಂಸೆ ಆದೀತು ಅನ್ನುವುದು ಅವರ ನಂಬಿಕೆ. ಯಾವ ಆ್ಯಪ್ ಇಲ್ಲ, ತಿಂಗಳಿಗೆ ಚಂದಾ ಇಲ್ಲ, ‘16 ಗಂಟೆ ಉಪವಾಸ’ ಅನ್ನುವ ಸ್ಟೇಟಸ್ ಇಲ್ಲ. ಅದಕ್ಕೇ ಇರಬೇಕು, ಅವರನ್ನು ಯಾರೂ ಸಂದರ್ಶನ ಮಾಡುವುದಿಲ್ಲ.

ಇಂಗ್ಲೆಂಡಿನಲ್ಲೂ ಮೊದಲು ಡಿನ್ನರ್ ಅಂದ್ರೆ ನಡುಮಧ್ಯಾಹ್ನದ ದೊಡ್ಡ ಊಟ. ಉತ್ತರ ಇಂಗ್ಲೆಂಡಿನ ದುಡಿಯುವ ಮನೆಗಳಲ್ಲಿ ಈಗಲೂ ಮಧ್ಯಾಹ್ನದ್ದೇ ಡಿನ್ನರ್. ಸಂಜೆಯ ಊಟಕ್ಕೆ ಅವರು ಟೀ ಅಂತಾರೆ. ಅದನ್ನು ರಾತ್ರಿಗೆ ಎಳೆದೊಯ್ದವರು ಶ್ರೀಮಂತರು. ರಾಶಿ ಮೇಣದಬತ್ತಿ ಸುಟ್ಟು ತಡವಾಗಿ ಉಣ್ಣುವುದು ಅವರಿಗೆ ಸಾಧ್ಯವಿತ್ತು, ಉಳಿದವರಿಗೆ ಇರಲಿಲ್ಲ. ಬೆಳಕು ಇದ್ದವನು ರಾತ್ರಿ ಕೂತು ಉಂಡ.

ನಮ್ಮ ಕಡೆ ಇದು ಉಲ್ಟಾ. ರಾತ್ರಿ ಕರೆಂಟ್ ಬಂದರೆ ಊಟ ಬಿಟ್ಟು ಏಳಬೇಕು.

ಹೊಲದ ಪಂಪ್‌ಸೆಟ್‌ಗೆ ದಿನಕ್ಕೆ 7 ತಾಸು ತ್ರೀ ಫೇಸ್ ಕರೆಂಟ್ ಅಂತ ಸರ್ಕಾರ ಹೇಳುತ್ತದೆ. 10 ಎಚ್‌ಪಿವರೆಗೆ ಉಚಿತ, ಸಂತೋಷ. ಆದರೆ ಆ 7 ತಾಸು ಯಾವುವು ಅನ್ನುವುದು ಪಾಳಿಯ ಮೇಲೆ. ರಾತ್ರಿ ಪಾಳಿ ಬಂದ ವಾರ ಕಬ್ಬಿನ ರೈತ ಹತ್ತಕ್ಕೋ ಹನ್ನೊಂದಕ್ಕೋ ಎರಡು ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಬಟ್ಟೆಯಲ್ಲಿ ಕಟ್ಟಿಕೊಂಡು, ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುತ್ತಾನೆ. ಮೋಟಾರ್ ಚಾಲೂ ಮಾಡಿ ಗಂಟು ಬಿಚ್ಚಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಗುತ್ತದೆ. ಮತ್ತೆ ಬರುತ್ತದೆ. ಒಡ್ಡು ಒಡೆದು ನೀರು ಪಕ್ಕದವನ ಹೊಲಕ್ಕೆ ನುಗ್ಗುತ್ತದೆ. ಕೊನೆಗೆ ಬೆಳಗಿನ ಮೂರೂವರೆಗೆ ಬದುವಿನ ಮೇಲೆ ಕೂತು ಕೆಸರು ಕೈ ಒರೆಸಿಕೊಂಡು ಉಣ್ಣುತ್ತಾನಲ್ಲ, ಅದು ಏನು? ಡಿನ್ನರ್ರೋ, ಬ್ರೇಕ್‌ಫಾಸ್ಟೋ? ಯಾವ ಬಣದ ಸಭೆ ಅದು?

2023ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಇದಕ್ಕೆ ಉತ್ತರ ಕೊಟ್ಟರು. ಬರಗಾಲದ ವರ್ಷ, ರಾತ್ರಿ ಕರೆಂಟ್. ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಹಗ್ಗದಲ್ಲಿ ಕಟ್ಟಿ, ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಸೀದಾ ವಿದ್ಯುತ್ ಕೇಂದ್ರಕ್ಕೆ ಒಯ್ದರು. ರಾತ್ರಿ ನೀರು ಹಾಯಿಸುವಾಗ ಹಾವೋ ಚೇಳೋ ಇದೋ ಕಚ್ಚಿದರೆ ಯಾರು ಹೊಣೆ ಅಂತ ಕೇಳಿದರು. ಕರ್ನಾಟಕದ ವಿದ್ಯುತ್ ನೀತಿಯ ಬಗ್ಗೆ ಇಷ್ಟು ಸ್ಪಷ್ಟವಾದ ಮನವಿ ಪತ್ರವನ್ನು ನಾನು ನೋಡಿಲ್ಲ. ಅರಣ್ಯ ಇಲಾಖೆಯವರು ಬಂದು ಮೊಸಳೆಯನ್ನು ಕರೆದೊಯ್ದರು. ಅದರ ವಾಸಕ್ಕೆ ಬೇರೆ ವ್ಯವಸ್ಥೆ ಆಯಿತು.

ನಗು ಬರುತ್ತದೆ, ನನಗೂ ಬಂತು. ಆದರೆ ಕಬ್ಬಿನ ರವದಿಯಲ್ಲಿ, ಅಂದ್ರೆ ಒಣ ಎಲೆಯ ರಾಶಿಯಲ್ಲಿ, ಹಾವು ಕಡಿದು ಸತ್ತವನ ಸುದ್ದಿ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿ ಸತ್ತವನ ಸುದ್ದಿ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಬರುತ್ತದೆ. ಎಲ್ಲ ಸುದ್ದಿಯೂ ಒಂದೇ ಥರ. ‘ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗಿದ್ದ ವೇಳೆ.’ ಊರ ಹೆಸರು ಮಾತ್ರ ಬೇರೆ. ಓದಿ ಓದಿ ಸಾಕಾಗಿದೆ. ಹಗಲು ಕರೆಂಟ್ ಕೊಡಿ ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ? ಯಾವ ಪಕ್ಷ ಬಂದರೂ ‘ಪರಿಶೀಲಿಸುತ್ತೇವೆ’. ಮನುಷ್ಯ ರಾತ್ರಿ ಉಂಡು ಮಲಗಬೇಕು. ಇದನ್ನು ಪರಿಶೀಲಿಸಲು ಏನಿದೆ?

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಇದೇ ಕಬ್ಬಿನ ರೈತರು ಟನ್ನಿಗೆ 3,500 ರೂಪಾಯಿ ಕೊಡಿ ಅಂತ ಹಗಲು ರಾತ್ರಿ ರಸ್ತೆಯಲ್ಲಿ ಕೂತರು. ಊಟ, ನಿದ್ದೆ ಎಲ್ಲ ಅಲ್ಲೇ. ಸಾವಿರಾರು ಜನ ಸಾಲಾಗಿ ಕೂತು ಉಂಡರು, ಯಾರೂ ಅದನ್ನು ಡಿನ್ನರ್ ಮೀಟಿಂಗ್ ಅನ್ನಲಿಲ್ಲ. ಕೊನೆಗೆ ಸರ್ಕಾರ 3,300 ಅಂದಿತು. ಎದ್ದು ಮನೆಗೆ ಹೋದರು, ಮತ್ತೆ ಪಾಳಿ ನೋಡಿಕೊಂಡು ಹೊಲಕ್ಕೆ ಹೋದರು.

ಆದ್ದರಿಂದ ಮುಂದಿನ ಡಿಸೆಂಬರ್‌ಗೆ ನನ್ನದೊಂದು ಆಹ್ವಾನ, ಎಲ್ಲ ಬಣಗಳಿಗೂ ಸೇರಿಸಿ. ಡಿನ್ನರ್ ಈ ಸಲ ಕಬ್ಬಿನ ಹೊಲದಲ್ಲಿ ಇಡೋಣ. ಸಮಯವನ್ನು ತ್ರೀ ಫೇಸ್ ಪಾಳಿಯೇ ತಿಳಿಸುತ್ತದೆ. ರೊಟ್ಟಿ, ಝುಣಕ, ಕೆಂಪು ಖಾರ, ಗಟ್ಟಿ ಮೊಸರು ನಮ್ಮ ಕಡೆಯಿಂದ. ಬ್ಯಾಟರಿ ಮಾತ್ರ ಅವರವರೇ ತರಬೇಕು. ಹೈಕಮಾಂಡಿನವರು ಮುಂದೂಡುವುದಿದ್ದರೆ ಮೋಟಾರ್ ಚಾಲೂ ಆಗುವ ಮೊದಲೇ ಫೋನ್ ಮಾಡಲಿ. ಅರ್ಧ ಹೊಲಕ್ಕೆ ನೀರು ಬಿಟ್ಟ ಮೇಲೆ ನಡುವೆ ಎದ್ದು ಬರಲು ಆಗುವುದಿಲ್ಲ.