ನಿಂತ ಹೊತ್ತಿಗೆ ಬಾಡಿಗೆ ಇಲ್ಲ

ನಮ್ಮ ಚಿಕ್ಕಪ್ಪ ಕೋಲಾರದಿಂದ ದೆಹಲಿಗೆ ಟೊಮೆಟೊ ಲೋಡು ಒಯ್ಯುತ್ತಿದ್ದ ಕಾಲದ ಟ್ರಿಪ್ ಪುಸ್ತಕವೊಂದು ಮೊನ್ನೆ ಅಟ್ಟ ಗುಡಿಸುವಾಗ ಸಿಕ್ಕಿತು. ಡೀಸೆಲ್, ಟೋಲ್, ಹಮಾಲಿ, ಪಂಕ್ಚರ್, ಬತ್ತಾ ಎಂದು ಬರೆದ ಪ್ರತಿ ಸಾಲಿನ ಎದುರಿಗೂ ಒಂದು ಮೊತ್ತವಿದೆ. ‘ಅನ್‌ಲೋಡಿಗೆ ನಿಂತದ್ದು 19 ಗಂಟೆ’ ಎಂಬ ಸಾಲಿನ ಎದುರು ಮಾತ್ರ ಬರೀ ಗೆರೆ ಎಳೆದಿದ್ದಾರೆ. ಆ ಹೊತ್ತಿಗೆ ಅವರಿಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ.

ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ ದಾಟಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಆ ದಾರಿಯಲ್ಲಿ ಹಣ್ಣು ಮೆತ್ತಗಾಗುವ ಮೊದಲೇ ಮಂಡಿ ಮುಟ್ಟಬೇಕು, ತಡವಾದರೆ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾರೆ ಎಂಬ ಭಯಕ್ಕೆ ಚಿಕ್ಕಪ್ಪ ರಾತ್ರಿಯಿಡೀ ಓಡಿಸುತ್ತಿದ್ದರು. ಹಾಗೆ ನಿದ್ದೆಗೆಟ್ಟು ಮುಟ್ಟಿದ ಮೇಲೆ ಸರಕು ಇಳಿಸಿಕೊಳ್ಳುವವರಿಗೆ ಯಾವ ಆತುರವೂ ಇರುತ್ತಿರಲಿಲ್ಲ. ನಿಂತ ಲಾರಿಯಲ್ಲಿ ಮಲಗಿದರೂ ಅದು ವಿಶ್ರಾಂತಿಯಲ್ಲ, ಕಾವಲು. ಡೀಸೆಲ್ ಕದಿಯುವವರು, ಟಾರ್ಪಾಲು ಕೊಯ್ಯುವವರು ಬರುವುದೇ ಆಗ. ನಿವೃತ್ತರಾಗಿ ಇಷ್ಟು ವರ್ಷವಾದರೂ ಅಂಗಳದಲ್ಲಿ ಸಣ್ಣ ಸದ್ದಾದರೆ ಅವರು ಎದ್ದು ಕೂರುತ್ತಾರೆ, ಚಿಕ್ಕಮ್ಮ ಬೈದು ಮಲಗಿಸುತ್ತಾರೆ.

ಮೋಟಾರು ಸಾರಿಗೆ ನೌಕರರ ದುಡಿಮೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು 1961ರ ಕಾಯ್ದೆಯೇ ಹೇಳಿತ್ತು. ದೂರದ ಮಾರ್ಗಗಳಿಗೆ ಮಾತ್ರ ತುಸು ಸಡಿಲಿಕೆಯಿತ್ತು. ಆದರೆ ಅದು ಅನ್ವಯವಾಗುತ್ತಿದ್ದುದು ಐದು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ. ಒಂದೋ ಎರಡೋ ಲಾರಿ ಇಟ್ಟುಕೊಂಡು ಸಾಲದ ಕಂತು ಕಟ್ಟುವ ಮಾಲೀಕರೇ ತುಂಬಿರುವ ಈ ಕಸುಬಿನಲ್ಲಿ ಅದು ಎಷ್ಟು ಚಾಲಕರನ್ನು ಮುಟ್ಟಿದ್ದೀತು? ಮುಟ್ಟಿದಲ್ಲೂ ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಪಡೆಯುವವನಿಗೆ ಗಂಟೆಯ ಲೆಕ್ಕ ಕೇಳಲು ಧೈರ್ಯವೆಲ್ಲಿಂದ ಬರಬೇಕು? 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ರಾಜ್ಯಗಳ ಗಡಿಯ ತೆರಿಗೆ ತನಿಖಾ ಠಾಣೆಗಳು ಎದ್ದುಹೋದಾಗ ಚಿಕ್ಕಪ್ಪ ನಿಜಕ್ಕೂ ಖುಷಿಪಟ್ಟಿದ್ದರು. ಅಲ್ಲಿ ಉಳಿದ ಹೊತ್ತು ನಿದ್ದೆಗೆ ಸಿಗಲಿಲ್ಲ, ಮುಂದಿನ ಟ್ರಿಪ್ಪಿಗೆ ಹೋಯಿತು.

2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿರುವುದು ಒಳ್ಳೆಯದೇ; ಮೇ ತಿಂಗಳಲ್ಲಿ ನಾಗಪುರದ ದಾರಿ ಹಿಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಎಂಜಿನ್ ಆರಿಸಿ ಗೋದಾಮಿನ ಗೇಟಿನ ಮುಂದೆ ನಿಂತಾಗ ಆ ಎಸಿಯೂ ನಿಲ್ಲುತ್ತದೆ, ಅದಕ್ಕೆಂದು ಡೀಸೆಲ್ ಸುಡಲು ಯಾವ ಮಾಲೀಕ ಒಪ್ಪುತ್ತಾನೆ?

ಈ ದೇಶದ ಸರಕಿನ ಬಹುಪಾಲು ಸಾಗುವುದು ರಸ್ತೆಯ ಮೇಲೆಯೇ. ಅಪಘಾತ ಮಾಡಿ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲೆಂಬ ಹೊಸ ಕಲಮನ್ನು ವಿರೋಧಿಸಿ 2024ರ ಜನವರಿಯ ಮೊದಲ ಎರಡು ದಿನ ಚಾಲಕರು ಲಾರಿ ನಿಲ್ಲಿಸಿದಾಗ ಹಲವು ನಗರಗಳ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆದದ್ದನ್ನು ನಾವೆಲ್ಲ ನೋಡಿದ್ದೇವೆ. ಓಡಿಹೋಗುವುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ನಿದ್ದೆಯಿಲ್ಲದೆ ಓಡಿಸಿದವನನ್ನು ಶಿಕ್ಷಿಸುವ ಕಾನೂನಿಗೆ ಅವನ ನಿದ್ದೆ ಕೆಡಿಸಿದವರ ನೆನಪೂ ಇರಬೇಡವೇ? ಲಾರಿ ಡ್ರೈವರಿಗೆ ಹೆಣ್ಣು ಕೊಡಲು ಈಗ ನಮ್ಮ ಕಡೆ ಹಿಂದೆಮುಂದೆ ನೋಡುತ್ತಾರೆ, ಚಿಕ್ಕಪ್ಪನ ಮಗನೂ ಸ್ಟೇರಿಂಗ್ ಮುಟ್ಟಲಿಲ್ಲ.

ನಾನು ಕೇಳುವುದು ಒಂದೇ: ಲಾರಿ ಗೇಟಿಗೆ ಬಂದು ಇಂತಿಷ್ಟು ಗಂಟೆ ಕಳೆದ ಮೇಲಿನ ಪ್ರತಿ ಗಂಟೆಗೂ ಸರಕು ಇಳಿಸಿಕೊಳ್ಳುವವರು ಚಾಲಕನ ಕೈಗೇ ದುಡ್ಡು ಕೊಡಬೇಕು. ಮಾಲೀಕನಿಗೆ ಕೊಡುವ ಹಾಲ್ಟಿಂಗ್ ಚಾರ್ಜಿನಲ್ಲಿ ಅದು ಕರಗಿಹೋಗಬಾರದು. ಲೆಕ್ಕ ಇಡುವುದು ಕಷ್ಟ ಎನ್ನುವವರು ಯಾವುದಾದರೂ ದೊಡ್ಡ ಗೋದಾಮಿನ ವಾಚ್‌ಮನ್ ಮುಂದಿರುವ ರಿಜಿಸ್ಟರನ್ನು ತೆರೆದು ನೋಡಲಿ. ಲಾರಿಯ ನಂಬರು, ಒಳಗೆ ಬಂದ ಸಮಯ, ಹೊರಗೆ ಹೋದ ಸಮಯ, ಚಾಲಕನ ಸಹಿ, ಎಲ್ಲವೂ ಅಲ್ಲಿದೆ.