ಲೈವ್ ಉಂಟಾ ಮಾರಾಯಾ?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ನೀರ್ಚಾಲು ಕಡೆಯ ಮನೆಯೊಂದಕ್ಕೆ ಗೇಮಿಂಗ್ ಕಂಪ್ಯೂಟರ್ ಬಂತೆಂದರೆ ಆ ಮನೆಯ ಹುಡುಗ ನೆಮ್ಮದಿಯಿಂದ ಆಟ ಆಡುವುದು ಮುಂದಿನ ಜಾತ್ರೆಯವರೆಗೆ ಮಾತ್ರ. ಅಷ್ಟರಲ್ಲಿ ಸುದ್ದಿ ಸಮಿತಿಯವರ ಕಿವಿಗೆ ಬಿದ್ದಿರುತ್ತದೆ. "ನಿನ್ನತ್ರ ದೊಡ್ಡ ಕಂಪ್ಯೂಟರ್ ಉಂಟಂತಲ್ಲ ಮಾರಾಯಾ? ನಮ್ಮ ತಾಳಮದ್ದಳೆಗೊಂದು ಲೈವ್ ಮಾಡಿಬಿಡು. ಗಲ್ಫಿನಲ್ಲಿದ್ದವರೆಲ್ಲ ನೋಡ್ತಾರೆ."

ದೊಡ್ಡದು ಹೌದು, ಡಬ್ಬಿ ಮಾತ್ರ. ಕಂತಿನಲ್ಲಿ ಸಿಗುವ ಅಗ್ಗದ ರೆಡಿಮೇಡ್ ಗೇಮಿಂಗ್ ಕಂಪ್ಯೂಟರಿಗೆ ಎದುರಿನಿಂದ ಕಿರೀಟ, ಭುಜಕೀರ್ತಿ ಎಲ್ಲ ಇರುವ ರಾಜವೇಷ. ಬಣ್ಣ ಹಚ್ಚುವ ಚೌಕಿಗೆ ಹೋಗಿ ನೋಡಿದರೆ ಗಂಜಿ ಊಟ. ಏಳು ಬಣ್ಣದಲ್ಲಿ ಮಿಣುಕುವ ಮೂರು ಫ್ಯಾನು, ಅದರ ಹಿಂದೆ 8 ಜಿಬಿ ರ‍್ಯಾಮಿನ ಒಂದೇ ಕಡ್ಡಿ, ಮತ್ತೆ ತಳದಲ್ಲೆಲ್ಲೋ ಹೆಸರು ಹೇಳಲು ನಾಚುವ 300 ವಾಟಿನ ಎಸ್‌ಎಂಪಿಎಸ್, ಅಂದರೆ ಒಳಗೆ ಎಲ್ಲಕ್ಕೂ ಕರೆಂಟ್ ಹಂಚುವ ಡಬ್ಬಿ.

ಲೈವ್ ಮಾಡಬೇಕೆಂದಾಗ ಎಲ್ಲರೂ ಮೊದಲು ಓಡುವುದು ಗ್ರಾಫಿಕ್ಸ್ ಕಾರ್ಡಿಗೆ. ತಪ್ಪುವುದೂ ಅಲ್ಲೇ. ಮೊದಲು ಪಕ್ಕದ ಮುಚ್ಚಳ ತೆಗೆದು ಎಸ್‌ಎಂಪಿಎಸ್ಸಿನ ಚೀಟಿ ಓದಬೇಕು. ಆರ್‌ಟಿಎಕ್ಸ್ 3060 ಕಾರ್ಡು ತಾನೊಂದೇ 170 ವಾಟ್ ಕುಡಿಯುತ್ತದೆ. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು ಗರಿಷ್ಠ 75 ವಾಟ್. ಉಳಿದದ್ದು 8 ಪಿನ್ನಿನ ಬೇರೆ ವಯರಿನಲ್ಲಿ ಬರಬೇಕು, ಅಗ್ಗದ ಎಸ್‌ಎಂಪಿಎಸ್ಸಿನಲ್ಲಿ ಆ ವಯರೇ ಇರುವುದಿಲ್ಲ. ಆಗ ಯಾರಾದರೊಬ್ಬ ಪರೋಪಕಾರಿ ಪ್ರತ್ಯಕ್ಷನಾಗಿ, "ಅದಕ್ಕೆಂತ, ಸಾಟಾದಿಂದ 8 ಪಿನ್ನಿಗೆ ಅಡಾಪ್ಟರ್ ಸಿಗ್ತದೆ" ಎನ್ನುತ್ತಾನೆ. ಸಿಗುತ್ತದೆ, ಚಿಲ್ಲರೆ ದುಡ್ಡಿಗೇ ಸಿಗುತ್ತದೆ. ಆದರೆ ಹಾರ್ಡ್‌ಡಿಸ್ಕಿಗೆಂದು ಇರುವ ಆ ಸಾಟಾ ಪ್ಲಗ್ಗು 12 ವೋಲ್ಟಿನಲ್ಲಿ ತಡೆಯುವುದು 4.5 ಆಂಪಿಯರ್, ಅಂದರೆ 54 ವಾಟ್. 8 ಪಿನ್ ಕೇಳುವುದು 150ರವರೆಗೆ. ಹಿರಣ್ಯಕಶಿಪುವಿನ ಪ್ರವೇಶವಾಗುವ ಹೊತ್ತಿಗೆ ಬರುವ ಸುಟ್ಟ ವಾಸನೆ ರಂಗದ ದೊಂದಿಯದ್ದಲ್ಲ, ಆ ಪ್ಲಗ್ಗಿನ ಪ್ಲಾಸ್ಟಿಕ್ಕಿನದು.

3060 ಬೇಕೇಬೇಕೆಂದಾದರೆ 550 ವಾಟಿನ ಒಳ್ಳೆಯ ಎಸ್‌ಎಂಪಿಎಸ್ ಮೊದಲು. ಅದನ್ನು ತರುವ ಮುಂಚೆ ಹಳೆಯದರ ಆಕಾರ ಮತ್ತು ಮದರ್‌ಬೋರ್ಡಿಗೆ ಹೋಗುವ ಪ್ಲಗ್ ನೋಡಿ. ಮಾಮೂಲಿ 24 ಪಿನ್ ಇದ್ದರೆ ಪುಣ್ಯ. ಕೆಲವು ದೊಡ್ಡ ಕಂಪನಿಗಳ ಡಬ್ಬಿಗಳಲ್ಲಿ ಅವರದ್ದೇ ಅಳತೆ, ಅವರದ್ದೇ ಪ್ಲಗ್. ಕಾಸರಗೋಡಿನಲ್ಲಿ ಸಿಗದ್ದು ಮಂಗಳೂರಿನಲ್ಲೂ ಸಿಗುವುದಿಲ್ಲ, ಬಸ್ಸಿನ ದುಡ್ಡು ದಂಡ. ಅಂಥವರಿಗೆ 6 ಜಿಬಿಯ ಆರ್‌ಟಿಎಕ್ಸ್ 3050 ವಾಸಿ. 70 ವಾಟಿನ ಕಾರ್ಡು, ಹೆಚ್ಚಿನ ಮಾದರಿಗಳಿಗೆ ಬೇರೆ ವಯರೇ ಬೇಡ.

ಇನ್ನೊಂದು ಗುಟ್ಟು. ಲೈವಿಗೆ ಬೇಕಾದದ್ದು ಆಟದ ಶಕ್ತಿಯಲ್ಲ, ಕಾರ್ಡಿನೊಳಗೆ ವಿಡಿಯೋ ಹಿಂಡಿ ಕೊಡುವ ಎನ್‌ಕೋಡರ್ ಎಂಬ ಪುಟ್ಟ ಭಾಗ. ಜಿಟಿ 1030ರಲ್ಲಿ ಅದಿಲ್ಲ. ಆರ್‌ಎಕ್ಸ್ 6400, 6500 ಎಕ್ಸ್‌ಟಿ ಎರಡರಲ್ಲೂ ಇಲ್ಲ, ಪೆಟ್ಟಿಗೆಯ ಮೇಲೆ ಮಾತ್ರ ಬೆಂಕಿ ಉಗುಳುವ ಚಿತ್ರ ಉಂಟು. ಇಂಥ ಕಾರ್ಡಿರುವಾಗ ಲೈವ್ ಕಳಿಸುವ ಸಾಫ್ಟ್‌ವೇರ್ ಒಬಿಎಸ್ ಆ ಕೆಲಸವನ್ನು ಪ್ರೊಸೆಸರಿನ ತಲೆಗೆ ಕಟ್ಟುತ್ತದೆ. ಹೆಸರಿನ ಕೊನೆಗೆ 'ಎಫ್' ಇಲ್ಲದ ಇಂಟೆಲ್ ಪ್ರೊಸೆಸರಾದರೆ ಅದರೊಳಗಿನ ಕ್ವಿಕ್ ಸಿಂಕ್ ಎಂಬ ಎನ್‌ಕೋಡರ್ ಕೈಹಿಡಿಯುತ್ತದೆ, ಹೊಸ ಕಾರ್ಡಿನ ಖರ್ಚೇ ಉಳಿಯಿತು. 'ಎಫ್' ಇದ್ದರೆ ಅದೂ ಇಲ್ಲ. ಅಷ್ಟೇ ಅಲ್ಲ, ಮಾನಿಟರಿನ ವಯರನ್ನು ಮದರ್‌ಬೋರ್ಡಿನ ತೂತಿಗೆ ಚುಚ್ಚಿದರೆ ಪರದೆ ಕಪ್ಪು. ಕಂಪ್ಯೂಟರ್ ಸತ್ತಿತೆಂದು ಹೊತ್ತುಕೊಂಡು ರಿಪೇರಿಗೆ ಹೋದವರು ವಯರನ್ನು ಒಂದು ಗೇಣು ಕೆಳಗೆ ಚುಚ್ಚಿಸಿಕೊಂಡು, ಸರ್ವಿಸ್ ಚಾರ್ಜ್ ಕೊಟ್ಟು ಬರುತ್ತಾರೆ.

ರ‍್ಯಾಮಿನ ಸಂಗತಿ ಸಣ್ಣದು. ಅದೇ ವೇಗದ ಇನ್ನೊಂದು 8 ಜಿಬಿ ಕಡ್ಡಿ. ಎರಡೂ ತುದಿಯಲ್ಲಿ 'ಟಕ್' ಅನ್ನುವವರೆಗೆ ಒತ್ತಬೇಕು.

ಒಬಿಎಸ್ಸಿನಲ್ಲಿ ದೊಡ್ಡಸ್ತಿಕೆ ಬೇಡ. ವೇಷ, ಕುಣಿತವಿಲ್ಲದ ತಾಳಮದ್ದಳೆಯಲ್ಲಿ ಕೃಷ್ಣನೂ ಕುಳಿತಿದ್ದಾನೆ, ಕೌರವನೂ ಕುಳಿತಿದ್ದಾನೆ. ಸೆಕೆಂಡಿಗೆ 60 ಚಿತ್ರ ಯಾರಿಗೆ? 720ಪಿ, 30 ಫ್ರೇಮ್, ಸಿಬಿಆರ್ (ಏರಿಳಿಯದ ಬಿಟ್‌ರೇಟ್), 4000 ಕೆಬಿಪಿಎಸ್, ಕೀಫ್ರೇಮ್ (ಇಡೀ ಚಿತ್ರ ಕಳಿಸುವ ಅಂತರ) 2 ಸೆಕೆಂಡ್ ಸಾಕು. ನೆಟ್ಟಿನಲ್ಲಿ ನೋಡಬೇಕಾದದ್ದು ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ಅದು ಒಂದೇ ಸಮನೆ 6 ಎಂಬಿಪಿಎಸ್ಸಾದರೂ ನಿಲ್ಲಬೇಕು, ಅದೂ ಊರಿನವರೆಲ್ಲ ಸೇರಿ ಫೋನು ಹಿಡಿದು ನಿಂತ ಮೇಲೆ. ಮಧ್ಯಾಹ್ನ ಖಾಲಿ ಗದ್ದೆಯಲ್ಲಿ ಪರೀಕ್ಷೆ ಮಾಡಿ ಹಿಗ್ಗುವುದರಲ್ಲಿ ಅರ್ಥವಿಲ್ಲ.

ಕ್ಯಾಮೆರಾದಿಂದ ಎಚ್‌ಡಿಎಂಐ ತರುವ ಅಗ್ಗದ ಕ್ಯಾಪ್ಚರ್ ಡಾಂಗಲ್‌ಗಳಲ್ಲಿ ಹಲವು ಹೊರಗೆ ನೀಲಿ ನಾಲಿಗೆ ತೋರಿಸಿ ಯುಎಸ್‌ಬಿ 3 ಎನ್ನುತ್ತವೆ, ಒಳಗೆ 2. ನಮ್ಮ 720ಪಿಗೆ ಅದೂ ನಡೆಯುತ್ತದೆ, ಮೋಸ ಹೋದ ಬೇಜಾರು ಬೇಡ.

ನಿಜವಾದ ಫಜೀತಿ ಸೌಂಡಿನದು. ಮೈಕಿನವರ ಮಿಕ್ಸರಿನಿಂದ ಬರುವ ಲೈನ್ ಔಟನ್ನು ಕಂಪ್ಯೂಟರಿನ ಗುಲಾಬಿ ತೂತಿಗೆ ಚುಚ್ಚಿದರೆ ಭಾಗವತರ ಪದ ಹರಿದ ತಗಡಿನ ಹಾಗೆ ಕೇಳುತ್ತದೆ. ಗುಲಾಬಿ ಮೈಕಿಗೆ, ನೀಲಿ ಲೈನಿಗೆ. ಮಟ್ಟವನ್ನು ಪದ್ಯ ನೋಡಿ ಇಡಬಾರದು, ಚೆಂಡೆ ನೋಡಿ ಇಡಬೇಕು: ಏರುಪದ್ಯದ ಚೆಂಡೆಯ ಪೆಟ್ಟು ಒಬಿಎಸ್ಸಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಿದ್ದರೆ ಉಳಿದವರೆಲ್ಲ ಕ್ಷೇಮ. 'ಗುಂಯ್' ಎಂದು ನಡುವೆ ಗುನುಗುವುದು ಶ್ರುತಿಯಲ್ಲ, ಅರ್ತಿನ ದೋಷ. ಮಿಕ್ಸರನ್ನೂ ಕಂಪ್ಯೂಟರನ್ನೂ ಒಂದೇ ಬೋರ್ಡಿಗೆ ಹಾಕಿ, ಹೋಗದಿದ್ದರೆ ನಡುವೆ ಒಂದು ಗ್ರೌಂಡ್ ಲೂಪ್ ಐಸೊಲೇಟರ್. ಮೈಕಿನವರು ಕಟಿಂಗ್ ಪ್ಲೇಯರ್ ಹಿಡಿದು ಪ್ಲಗ್ಗಿನ ಅರ್ತ್ ಪಿನ್ ಮುರಿಯಲು ಬಂದರೆ ಮಾತ್ರ ಗಟ್ಟಿಯಾಗಿ ಅಡ್ಡ ಬನ್ನಿ. ಗುಂಯ್ ನಿಲ್ಲುತ್ತದೆ, ಒಮ್ಮೊಮ್ಮೆ ಮುಟ್ಟಿದವರದ್ದೂ ನಿಲ್ಲುತ್ತದೆ.

ಮತ್ತೆ ಕರೆಂಟು. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವಾಟ್, ಕೆಲವೇ ನಿಮಿಷದ ಆಯುಷ್ಯ, ಜನರೇಟರಿನವ ಚಾ ಮುಗಿಸಿ ಬರುವವರೆಗೆ. ಕಂಪ್ಯೂಟರನ್ನು ಯುಪಿಎಸ್ಸಿಗೆ ಹಾಕಿ ವೈಫೈ ಡಬ್ಬಿಯನ್ನು ಗೋಡೆಗೆ ಬಿಡುವುದು ನಮ್ಮಲ್ಲಿ ಸಂಪ್ರದಾಯ. ಕಂಪ್ಯೂಟರ್ ಉಳಿಯುತ್ತದೆ, ಲೈವ್ ಹೋಗುತ್ತದೆ. ರೆಕಾರ್ಡಿಂಗನ್ನು ಮಾಮೂಲಿ ಎಂಪಿ4ರಲ್ಲಿ ಇಡಬೇಡಿ. ನಡುವೆ ಕರೆಂಟ್ ಹೋದರೆ ಇಡೀ ಫೈಲು ತೆರೆಯದೆ ಕೂರುತ್ತದೆ. ಎಂಕೆವಿಯಾದರೆ ಹೋಗುವವರೆಗಿನದ್ದು ಉಳಿಯುತ್ತದೆ, ಆಮೇಲೆ ಒಬಿಎಸ್ಸಿನಲ್ಲೇ ರೀಮಕ್ಸ್ ಒತ್ತಿ ಎಂಪಿ4 ಮಾಡಿಕೊಳ್ಳಬಹುದು. 4000 ಕೆಬಿಪಿಎಸ್ಸಿಗೆ ಗಂಟೆಗೆ ಸುಮಾರು 1.8 ಜಿಬಿ, ಇಡೀ ರಾತ್ರಿಗೆ 25 ಜಿಬಿ ಖಾಲಿ ಇದ್ದರಾಯಿತು. ತುಲಾಮಾಸದಲ್ಲಿ ಸಂಜೆಯ ಗುಡುಗು ಶುರುವಾದರೆ "ಒಂದೇ ಪದ್ಯ ಬಾಕಿ" ಎಂಬ ಮಾತಿಗೆ ಮರುಳಾಗದೆ ಪ್ಲಗ್ ಕೀಳಬೇಕು. ಫೈಬರ್ ವಯರಿನಲ್ಲಿ ಸಿಡಿಲು ಬರುವುದಿಲ್ಲ ನಿಜ. ಮೋಡೆಮ್ಮಿನ ಅಡಾಪ್ಟರಿನಲ್ಲಿ ಬಂದು ಲ್ಯಾನ್ ವಯರಿನಲ್ಲಿ ಮದರ್‌ಬೋರ್ಡ್ ಸೇರುತ್ತದೆ. ಎರಡನ್ನೂ ಕೀಳಿ.

ಯೂಟ್ಯೂಬಿನವರದ್ದೂ ಎರಡು ಕಟ್ಟಳೆಗಳುಂಟು. ಲೈವ್ 12 ಗಂಟೆ ದಾಟಿದರೆ ಅದು ಚಾನೆಲಿನಲ್ಲಿ ಉಳಿಯುವ ಭರವಸೆ ಇಲ್ಲ. ಸಂಜೆ 5ಕ್ಕೆ ಮೈಕ್ ಪರೀಕ್ಷೆಯಿಂದಲೇ ಶುರುಮಾಡಿ ಬೆಳಗ್ಗಿನ ಮಂಗಳದವರೆಗೆ ಎಳೆದವರ ಪ್ರಸಂಗವೆಲ್ಲ ಹಾಗೆ ಹೋದದ್ದೇ. ಇನ್ನೊಂದು, ಹೊಸ ಚಾನೆಲಿಗೆ ಮೊದಲ ಸಲ ಲೈವ್ ಅನುಮತಿ ಸಿಗಲು 24 ಗಂಟೆಯವರೆಗೆ ಹಿಡಿಯಬಹುದು. ಇದು ಗೊತ್ತಾಗುವುದು ಸಾಮಾನ್ಯವಾಗಿ ದೀಪ ಬೆಳಗಿಸುವ ಹತ್ತು ನಿಮಿಷ ಮೊದಲು. ಆಮಂತ್ರಣ ಪ್ರೆಸ್ಸಿಗೆ ಹೋಗುವ ದಿನವೇ ಆ ಗುಂಡಿ ಒತ್ತಿಡಿ. ಆಮಂತ್ರಣದಲ್ಲಿ ಚಾನೆಲಿನ ಹೆಸರು ಅಕ್ಷರತಪ್ಪಿಲ್ಲದೆ ಅಚ್ಚಾಗುವುದು ಮಾತ್ರ ಪ್ರೆಸ್ಸಿನವರ ಕೈಯಲ್ಲಿ.